ಫೋನ್, ಮೆಸೇಜ್, ಇಮೇಲ್ ಮೂಲಕ ನಡೆಯುವ ಹಣದ ವಂಚನೆ: ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿರುವ ಪ್ರಶ್ನೆಗಳಲ್ಲಿ ಹೆಚ್ಚಿನವು ಬ್ಯಾಂಕ್ ಕೌಂಟರಿನ ಗಾಜಿನ ಆಚೆಯಿಂದ ನನಗೆ ಬಂದಂಥವು. ನಿವೃತ್ತಿಯಾದ ಮೇಲೆ ಮದುವೆ ಮನೆಯ ಪಂಕ್ತಿಯಲ್ಲಿ, ಬೆಳಗಿನ ವಾಕಿಂಗಿನಲ್ಲಿ ಅವೇ ಪ್ರಶ್ನೆಗಳು ಮತ್ತೆ ಎದುರಾಗುತ್ತಿವೆ. ನಿಮ್ಮ ಹಣ ಈಗತಾನೆ ಹೋಗಿದ್ದರೆ ಮೊದಲನೆಯ ಉತ್ತರವನ್ನಷ್ಟೇ ಓದಿ ಎದ್ದುಬಿಡಿ. ಉಳಿದದ್ದನ್ನು ನಾಳೆ ಓದಿದರೂ ನಡೆಯುತ್ತದೆ.

ಖಾತೆಯಿಂದ ಈಗಷ್ಟೇ ಹಣ ಹೋಗಿದೆ. ಮೊದಲು ಏನು ಮಾಡಬೇಕು?

1930ಕ್ಕೆ ಕರೆ ಮಾಡಿ. ಇದು ಸೈಬರ್ ವಂಚನೆಗೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ. ಅದೇ ಹೊತ್ತಿಗೆ ಮನೆಯ ಇನ್ನೊಬ್ಬರು ಬ್ಯಾಂಕಿನ ಸಹಾಯವಾಣಿಗೆ ಕರೆ ಮಾಡಿ ಕಾರ್ಡ್, ಯುಪಿಐ ಮತ್ತು ನೆಟ್ ಬ್ಯಾಂಕಿಂಗ್ ಮೂರನ್ನೂ ನಿಲ್ಲಿಸುವಂತೆ ಹೇಳಲಿ. ಬ್ಯಾಂಕಿನ ಸಂಖ್ಯೆಯನ್ನು ಡೆಬಿಟ್ ಕಾರ್ಡಿನ ಹಿಂಬದಿಯಲ್ಲಿ ಅಥವಾ ಪಾಸ್‌ಬುಕ್ಕಿನಲ್ಲಿ ನೋಡಿಕೊಳ್ಳಬೇಕೇ ಹೊರತು ಗೂಗಲ್‌ನಲ್ಲಿ ಹುಡುಕಬಾರದು. ಕಾರಣ ಮುಂದೆ ಇದೆ.

ಅವಸರ ಏಕೆಂದರೆ, ಹೋದ ಹಣ ಒಂದೇ ಕಡೆ ನಿಲ್ಲುವುದಿಲ್ಲ. ಅದು ಮೊದಲು ಯಾರದೋ ಬಾಡಿಗೆ ಖಾತೆಗೆ ಬೀಳುತ್ತದೆ, ಅಲ್ಲಿಂದ ಹತ್ತಾರು ಖಾತೆಗಳಿಗೆ ಚೂರುಚೂರಾಗಿ ಹರಿಯುತ್ತದೆ, ಕೊನೆಗೆ ಎಟಿಎಂನಲ್ಲಿ ನಗದಾಗುತ್ತದೆ ಅಥವಾ ಕ್ರಿಪ್ಟೊ ಆಗಿ ದೇಶ ದಾಟುತ್ತದೆ. 1930ರಲ್ಲಿ ದಾಖಲಾದ ದೂರು ಸಂಬಂಧಪಟ್ಟ ಬ್ಯಾಂಕುಗಳಿಗೆ ನೇರವಾಗಿ ತಲುಪುತ್ತದೆ. ಆ ಹೊತ್ತಿಗೆ ಹಣ ಯಾವ ಖಾತೆಯಲ್ಲಿ ಉಳಿದಿದೆಯೋ ಅಲ್ಲೇ ಅದನ್ನು ತಡೆಹಿಡಿಯಲಾಗುತ್ತದೆ. ಪೊಲೀಸರು ಮೊದಲ ಒಂದೆರಡು ಗಂಟೆಯನ್ನು 'ಗೋಲ್ಡನ್ ಅವರ್' ಎಂದು ಕರೆಯುವುದು ಇದಕ್ಕಾಗಿಯೇ. ಸಂಜೆ ಯಜಮಾನರು ಬರಲಿ, ಮಗನನ್ನು ಕೇಳಿ ಆಮೇಲೆ ಹೇಳೋಣ ಎಂದು ಕಾದವರ ಹಣ ಸಾಮಾನ್ಯವಾಗಿ ಆ ಸಂಜೆಯೊಳಗೇ ಮೂರು ರಾಜ್ಯ ಸುತ್ತಿರುತ್ತದೆ.

ಕರೆ ಮಾಡುವಾಗ ಖಾತೆ ಸಂಖ್ಯೆ, ಹೋದ ಮೊತ್ತ, ದಿನಾಂಕ, ವೇಳೆ ಮತ್ತು ವಹಿವಾಟಿನ ಯುಟಿಆರ್ ಸಂಖ್ಯೆ ಕೈಯಲ್ಲಿರಲಿ. ಆ ಸಂಖ್ಯೆ ಬ್ಯಾಂಕ್ ಕಳುಹಿಸಿದ ಮೆಸೇಜಿನಲ್ಲೋ ಯುಪಿಐ ಆ್ಯಪಿನ ವಹಿವಾಟಿನ ವಿವರದಲ್ಲೋ ಇರುತ್ತದೆ. ವಂಚಕನ ಚಾಟ್, ಕರೆಯ ದಾಖಲೆ, ಲಿಂಕ್ ಯಾವುದನ್ನೂ ಅಳಿಸಬೇಡಿ. ಕೋಪಕ್ಕೋ ನಾಚಿಕೆಗೋ ಎಲ್ಲವನ್ನೂ ಡಿಲೀಟ್ ಮಾಡಿ ಬರುವವರನ್ನು ನಾನು ಬಹಳ ನೋಡಿದ್ದೇನೆ.

1930ಕ್ಕೆ ಹೇಳಿದ ಮೇಲೂ ಠಾಣೆಗೆ ಹೋಗಬೇಕೇ?

ಹೋಗುವುದು ಒಳ್ಳೆಯದು. ಸಹಾಯವಾಣಿಯಲ್ಲಿ ಸಿಕ್ಕ ಸ್ವೀಕೃತಿ ಸಂಖ್ಯೆಯನ್ನು ಇಟ್ಟುಕೊಂಡು ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲಿನಲ್ಲಿ (ಸೈಬರ್‌ಕ್ರೈಮ್ ಡಾಟ್ ಜಿಒವಿ ಡಾಟ್ ಇನ್) ದೂರಿನ ವಿವರವನ್ನು ಪೂರ್ಣಗೊಳಿಸಿ, ದಾಖಲೆಗಳನ್ನು ಸೇರಿಸಬೇಕು. ಕರ್ನಾಟಕದ ಜಿಲ್ಲೆಗಳಲ್ಲಿ ಇಂಥ ಪ್ರಕರಣಗಳಿಗೆ ಸಿಇಎನ್ (ಸೈಬರ್, ಆರ್ಥಿಕ, ಮಾದಕ ವಸ್ತು ಅಪರಾಧಗಳ) ಠಾಣೆಗಳಿವೆ; ಜನರ ಬಾಯಲ್ಲಿ ಅದು 'ಸೆನ್ ಠಾಣೆ'. ಅಲ್ಲಿಗೆ ಹೋಗಿ ಎಫ್‌ಐಆರ್ ಪ್ರತಿ ಪಡೆಯಿರಿ. ತಡೆಹಿಡಿದ ಹಣವನ್ನು ನಿಮ್ಮ ಖಾತೆಗೆ ಮರಳಿಸಲು ನ್ಯಾಯಾಲಯದ ಆದೇಶ ಬೇಕಾದಾಗ ಈ ಕಾಗದವೇ ಆಧಾರ. ಮೊತ್ತ ಸಣ್ಣದು ಎಂದು ಬಿಡಬೇಡಿ: ನಿಮ್ಮ ಎರಡು ಸಾವಿರ ಹೋದ ಖಾತೆಗೇ ಇನ್ನೊಬ್ಬರ ಇಪ್ಪತ್ತು ಲಕ್ಷ ಬಿದ್ದಿರಬಹುದು.

ಬ್ಯಾಂಕ್ ನನ್ನ ಹಣವನ್ನು ತುಂಬಿಕೊಡುತ್ತದೆಯೇ?

ಹಣ ಹೇಗೆ ಹೋಯಿತು ಮತ್ತು ನೀವು ಎಷ್ಟು ಬೇಗ ತಿಳಿಸಿದಿರಿ ಎಂಬುದರ ಮೇಲೆ ಉತ್ತರ ನಿಂತಿದೆ. ರಿಸರ್ವ್ ಬ್ಯಾಂಕ್ 2017ರ ಜುಲೈ 6ರಂದು ಹೊರಡಿಸಿದ ಸುತ್ತೋಲೆ ಈ ಬಗ್ಗೆ ಮೂಲ ನಿಯಮವನ್ನು ಹೇಳಿತು. ಬ್ಯಾಂಕಿನ ಲೋಪದಿಂದ ಹಣ ಹೋಗಿದ್ದರೆ ನಷ್ಟ ಪೂರ್ತಿ ಬ್ಯಾಂಕಿನದು. ನಿಮ್ಮದೂ ಬ್ಯಾಂಕಿನದೂ ತಪ್ಪಿಲ್ಲದೆ ನಡುವೆ ಬೇರೆಲ್ಲೋ ಸೋರಿಕೆಯಾಗಿ ಹಣ ಹೋಗಿದ್ದು, ಬ್ಯಾಂಕಿನ ಸೂಚನೆ ಬಂದ ಮೂರು ಕೆಲಸದ ದಿನಗಳೊಳಗೆ ನೀವು ದೂರು ಕೊಟ್ಟರೆ ನಿಮ್ಮ ಹೊಣೆ ಶೂನ್ಯ. ನಾಲ್ಕರಿಂದ ಏಳು ದಿನಗಳಾದರೆ ಸಾಮಾನ್ಯ ಉಳಿತಾಯ ಖಾತೆಯವರ ಹೊಣೆ ಹೆಚ್ಚೆಂದರೆ 10,000 ರೂಪಾಯಿ, ಕನಿಷ್ಠ ಮೊತ್ತ ಇಡಬೇಕಿಲ್ಲದ ಮೂಲ ಉಳಿತಾಯ ಖಾತೆಯವರದು 5,000 ರೂಪಾಯಿ. ಅದಕ್ಕೂ ತಡವಾದರೆ ಆಯಾ ಬ್ಯಾಂಕಿನ ನೀತಿಯಂತೆ. ತಪ್ಪು ಗ್ರಾಹಕನದೇ ಎಂದು ಸಾಬೀತುಪಡಿಸುವ ಹೊಣೆಯನ್ನು ಈ ನಿಯಮ ಬ್ಯಾಂಕಿನ ಮೇಲೆ ಹೊರಿಸಿದೆ, ಇದನ್ನು ನೆನಪಿಡಿ.

ಕಹಿಯಾದ ಭಾಗ ಇನ್ನೊಂದಿದೆ. ಒಟಿಪಿಯನ್ನೋ ಪಿನ್ನನ್ನೋ ನೀವೇ ಹೇಳಿದ್ದರೆ, ಅಥವಾ ಭಯಪಟ್ಟು ನೀವೇ ಕೈಯಾರೆ ವರ್ಗಾಯಿಸಿದ್ದರೆ, ದೂರು ಕೊಡುವವರೆಗಿನ ನಷ್ಟ ನಿಮ್ಮದಾಗುತ್ತದೆ. ದೂರು ಕೊಟ್ಟ ಮೇಲೆ ನಡೆದ ವಹಿವಾಟಿನ ಹೊಣೆ ಬ್ಯಾಂಕಿನದು. ಈಚಿನ ವಂಚನೆಗಳಲ್ಲಿ ಬಹುಪಾಲು ಈ ಬಗೆಯವು. ವಂಚಕರು ಈಗ ಖಾತೆಗೆ ಕನ್ನ ಹಾಕುವುದಕ್ಕಿಂತ, ಖಾತೆದಾರನಿಂದಲೇ ಬಾಗಿಲು ತೆಗೆಸುತ್ತಾರೆ. ಹಾಗಿದ್ದರೂ ದೂರನ್ನು ಲಿಖಿತವಾಗಿ ಕೊಟ್ಟು ಮೊಹರು ಹಾಕಿಸಿಕೊಳ್ಳಿ. ಬ್ಯಾಂಕ್ 30 ದಿನಗಳಲ್ಲಿ ಉತ್ತರಿಸದಿದ್ದರೆ, ಅಥವಾ ಉತ್ತರ ಸಮಾಧಾನ ತರದಿದ್ದರೆ, ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಉಚಿತವಾಗಿ ದೂರು ಸಲ್ಲಿಸಬಹುದು, ಮಾಹಿತಿಗೆ 14448.

ಕರೆ ನಿಜವಾಗಿ ಬ್ಯಾಂಕಿನಿಂದಲೇ ಬಂದಿದೆ ಎಂದು ತಿಳಿಯುವುದು ಹೇಗೆ?

ಬ್ಯಾಂಕುಗಳ ಸೇವಾ ಕರೆಗಳಿಗೆಂದು 1600ರಿಂದ ಆರಂಭವಾಗುವ ಸಂಖ್ಯೆಗಳನ್ನು ಮೀಸಲಿಡಲಾಗಿದೆ. ವಾಣಿಜ್ಯ ಬ್ಯಾಂಕುಗಳು 2026ರ ಜನವರಿ 1ರೊಳಗೆ ಈ ಸರಣಿಗೆ ಬರಬೇಕೆಂದು ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್ ಸೂಚಿಸಿತ್ತು. ಜಾಹೀರಾತಿನ ಕರೆಗಳಿಗೆ 140ರ ಸರಣಿ ಇದೆ. ಆದ್ದರಿಂದ 'ನಿಮ್ಮ ಕಾರ್ಡ್ ಬ್ಲಾಕ್ ಆಗುತ್ತಿದೆ' ಎಂಬ ಕರೆ ಸಾಮಾನ್ಯ ಹತ್ತಂಕಿಯ ಮೊಬೈಲಿನಿಂದ ಬಂದರೆ ಅಲ್ಲೇ ಅನುಮಾನ ಹುಟ್ಟಬೇಕು.

ಆದರೆ ಪರದೆಯ ಮೇಲೆ ಕಾಣುವ ಸಂಖ್ಯೆಯನ್ನು ತಂತ್ರಜ್ಞಾನದಿಂದ ನಕಲು ಮಾಡಬಹುದು, ಟ್ರೂಕಾಲರ್‌ನಲ್ಲಿ ಯಾವ ಹೆಸರನ್ನಾದರೂ ಬರೆಸಿಕೊಳ್ಳಬಹುದು. ಹೀಗಾಗಿ ಸಂಖ್ಯೆಗಿಂತ ಮಾತನ್ನು ನೋಡಿ. ಬ್ಯಾಂಕಿನವರು ಒಟಿಪಿ, ಪಿನ್, ಸಿವಿವಿ (ಕಾರ್ಡಿನ ಹಿಂಬದಿಯ ಮೂರಂಕಿ) ಕೇಳುವುದಿಲ್ಲ. ನಿಮ್ಮ ಹಣವನ್ನು 'ಸುರಕ್ಷಿತ ಖಾತೆ'ಗೆ ಸರಿಸಿ ಎನ್ನುವುದಿಲ್ಲ. ಆ್ಯಪ್ ಹಾಕಿಕೊಳ್ಳಿ ಎಂದು ವಾಟ್ಸಾಪ್‌ನಲ್ಲಿ ಫೈಲ್ ಕಳುಹಿಸುವುದಿಲ್ಲ. ಅನುಮಾನ ಬಂದ ಕೂಡಲೇ 'ನಾನೇ ಶಾಖೆಗೆ ಬರುತ್ತೇನೆ' ಎಂದು ಫೋನ್ ಇಡಿ. ಅಸಲಿ ಸಿಬ್ಬಂದಿಗೆ ಇದರಿಂದ ಬೇಸರವಾಗದು. ನನಗಂತೂ ಎಂದೂ ಆಗಿಲ್ಲ.

'ಡಿಜಿಟಲ್ ಅರೆಸ್ಟ್' ಎಂದರೇನು? ಓದಿದವರೂ ಅದಕ್ಕೆ ಹೇಗೆ ಸಿಕ್ಕಿಬೀಳುತ್ತಾರೆ?

ಅಂಥ ಬಂಧನವೇ ಕಾನೂನಿನಲ್ಲಿ ಇಲ್ಲ. ಕರೆ ಬರುವುದು ಕೊರಿಯರ್ ಕಂಪನಿಯ ಹೆಸರಿನಲ್ಲೋ ದೂರಸಂಪರ್ಕ ಇಲಾಖೆಯ ಹೆಸರಿನಲ್ಲೋ: ನಿಮ್ಮ ಆಧಾರ್ ಬಳಸಿ ಕಳುಹಿಸಿದ ಪಾರ್ಸೆಲ್‌ನಲ್ಲಿ ಮಾದಕ ವಸ್ತು ಸಿಕ್ಕಿದೆ, ನಿಮ್ಮ ಹೆಸರಿನ ಸಿಮ್‌ನಿಂದ ಅಪರಾಧ ನಡೆದಿದೆ. ಕೂಡಲೇ ಕರೆಯನ್ನು 'ಮುಂಬೈ ಪೊಲೀಸ'ರಿಗೋ 'ಸಿಬಿಐ'ಗೋ ದಾಟಿಸುತ್ತಾರೆ. ವಿಡಿಯೊದಲ್ಲಿ ಖಾಕಿ ತೊಟ್ಟವನು, ಹಿಂದೆ ಲಾಂಛನ, ಕೈಯಲ್ಲಿ ಸುಪ್ರೀಂ ಕೋರ್ಟಿನ ಮೊಹರಿರುವ ಕಾಗದ. ಕ್ಯಾಮೆರಾದಿಂದ ಸರಿಯಬಾರದು, ಯಾರಿಗೂ ಹೇಳಬಾರದು, ತನಿಖೆ ಮುಗಿಯುವವರೆಗೆ ಹಣವನ್ನು 'ಪರಿಶೀಲನೆಗೆ' ಒಪ್ಪಿಸಬೇಕು. ಬೆಂಗಳೂರಿನ ಒಬ್ಬ ಮಹಿಳೆ ಹೀಗೆ ತಿಂಗಳುಗಟ್ಟಲೆ ಸಿಲುಕಿ, 187 ವರ್ಗಾವಣೆಗಳಲ್ಲಿ ಸುಮಾರು 32 ಕೋಟಿ ರೂಪಾಯಿ ಕಳೆದುಕೊಂಡ ಪ್ರಕರಣ 2025ರ ನವೆಂಬರಿನಲ್ಲಿ ಬೆಳಕಿಗೆ ಬಂತು.

ಓದಿದವರೂ ಹೇಗೆ ಎಂದು ಕೇಳುವವರಿಗೆ ನಾನು ಕಂಡ ಒಂದು ದೃಶ್ಯವನ್ನು ಹೇಳಬೇಕು. ಒಬ್ಬ ನಿವೃತ್ತ ಮೇಷ್ಟ್ರು ಎಫ್‌ಡಿ ಮುರಿಸಲು ಬಂದಿದ್ದರು. ಇನ್ನು ನಲವತ್ತು ದಿನ ತಡೆದಿದ್ದರೆ ಪೂರ್ತಿ ಬಡ್ಡಿ ಸಿಗುತ್ತಿತ್ತು. 'ಇಷ್ಟು ಅವಸರ ಏಕೆ, ಮೇಷ್ಟ್ರೇ?' ಎಂದರೆ 'ಮಗಳ ಸೈಟಿಗೆ ಕಟ್ಟಬೇಕು' ಎಂದರು, ಪಾಠ ಒಪ್ಪಿಸುವ ಹುಡುಗನ ಹಾಗೆ. ಅವರ ಬಿಳಿ ಅಂಗಿಯ ಜೇಬಿನಲ್ಲಿ ಫೋನ್ ಇತ್ತು. ತೆಳು ಬಟ್ಟೆಯ ಹಿಂದೆ ಪರದೆ ಹೊತ್ತಿಕೊಂಡೇ ಇತ್ತು, ಕರೆಯ ಗಡಿಯಾರ ಮೂರು ಗಂಟೆ ದಾಟಿ ಓಡುತ್ತಿತ್ತು. ನಾನು ಹಣ ತೆಗೆಯುವ ಚೀಟಿಯ ಹಿಂಬದಿಯಲ್ಲಿ 'ಫೋನಿನಲ್ಲಿ ಯಾರಿದ್ದಾರೆ?' ಎಂದು ಬರೆದು ಗಾಜಿನ ಕೆಳಗೆ ಸರಿಸಿದೆ. ಅವರು ದಾರ ಕಟ್ಟಿದ ಕೌಂಟರಿನ ಪೆನ್ನನ್ನು ಎತ್ತಿಕೊಂಡು, ದುಂಡಗಿನ ಅಕ್ಷರದಲ್ಲಿ 'ಪೊಲೀಸರು. ಮುಂಬೈ' ಎಂದು ಬರೆದರು. ಕೈ ನಡುಗುತ್ತಿತ್ತು, ಅಕ್ಷರ ಮಾತ್ರ ಮುತ್ತಿನಂತೆ ಇತ್ತು. ಆ ಕರೆಯನ್ನು ಕತ್ತರಿಸಲು ನಮಗೆ ಬೇಕಾದದ್ದು ಒಂದು ಬೆರಳು. ಅವರಿಗೆ ಮೂರು ಗಂಟೆಯಿಂದ ಅಷ್ಟು ಸಾಧ್ಯವಾಗಿರಲಿಲ್ಲ. ಅವರಿಗೆ ತಿಳಿವಳಿಕೆ ಕಡಿಮೆಯಿರಲಿಲ್ಲ, ಪಕ್ಕದಲ್ಲಿ ಮಾತಾಡಿಸುವ ಜನ ಇರಲಿಲ್ಲ. ವಂಚಕನು ಮೊದಲು ಕಿತ್ತುಕೊಳ್ಳುವುದು ಆ ಜನವನ್ನೇ. ಹಣ ಆಮೇಲಿನ ಮಾತು.

ಕಾನೂನು ಸ್ಪಷ್ಟವಾಗಿದೆ. ಬಂಧಿಸುವವರು ಎದುರಿಗೆ ಬರಬೇಕು, ಬಂಧಿಸಿದವರನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ವಿಚಾರಣೆಗೆ ಹಾಜರಾಗುವಂತೆ ಪೊಲೀಸರು ಕೊಡುವ ನೋಟಿಸನ್ನು ವಾಟ್ಸಾಪ್ ಮೂಲಕ ಜಾರಿ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ಹೇಳಿದೆ. ಅದೇ ವರ್ಷದ ಡಿಸೆಂಬರಿನಲ್ಲಿ ದೇಶದಾದ್ಯಂತ ನಡೆದ ಇಂಥ ಪ್ರಕರಣಗಳ ತನಿಖೆಯನ್ನು ಸಿಬಿಐಗೆ ಒಪ್ಪಿಸಿದೆ. ಕರೆಯನ್ನು ಕತ್ತರಿಸಿದ್ದಕ್ಕೆ ಯಾರ ಮೇಲೂ ಮೊಕದ್ದಮೆ ಬೀಳುವುದಿಲ್ಲ.

ಮೆಸೇಜ್ ಅಸಲಿಯೋ ನಕಲಿಯೋ ಎಂದು ಗುರುತಿಸುವುದು ಹೇಗೆ?

ಕಳುಹಿಸಿದವರ ಹೆಸರನ್ನು ಮೊದಲು ನೋಡಿ. ಬ್ಯಾಂಕ್ ಅಥವಾ ಸರ್ಕಾರದ ಮೆಸೇಜ್ ನೋಂದಾಯಿತ ಅಕ್ಷರಗಳ ಹೆಸರಿನಿಂದ ಬರುತ್ತದೆ, ಅದರ ಕೊನೆಯಲ್ಲಿ ಒಂದು ಅಡ್ಡಗೆರೆಯ ನಂತರ ಇಂಗ್ಲಿಷಿನ ಒಂದು ಅಕ್ಷರವಿರುತ್ತದೆ: ವಹಿವಾಟಿನದಕ್ಕೆ 'ಟಿ', ಸೇವೆಯದಕ್ಕೆ 'ಎಸ್', ಸರ್ಕಾರದ್ದಕ್ಕೆ 'ಜಿ', ಪ್ರಚಾರದ್ದಕ್ಕೆ 'ಪಿ'. 'ಇಂದು ರಾತ್ರಿ 9.30ಕ್ಕೆ ನಿಮ್ಮ ಮನೆಯ ಕರೆಂಟ್ ಕಟ್ ಆಗುತ್ತದೆ, ಕೂಡಲೇ ಈ ಅಧಿಕಾರಿಗೆ ಕರೆ ಮಾಡಿ' ಎಂಬ ಮೆಸೇಜ್ ಹತ್ತಂಕಿಯ ಸಂಖ್ಯೆಯಿಂದ ಬಂದರೆ ಅದು ಬೆಸ್ಕಾಂನದೂ ಅಲ್ಲ, ಹೆಸ್ಕಾಂನದೂ ಅಲ್ಲ. ರಾತ್ರಿಯ ಹೊತ್ತನ್ನು ಆರಿಸಿರುವುದರಲ್ಲೇ ಕುಯುಕ್ತಿಯಿದೆ: ಉಪವಿಭಾಗದ ಕಚೇರಿ ಆಗ ಮುಚ್ಚಿರುತ್ತದೆ, ವಿಚಾರಿಸಲು ನಿಮಗೆ ಜಾಗವಿರುವುದಿಲ್ಲ.

ಎರಡನೆಯದಾಗಿ, ಲಿಂಕ್. ರಿಸರ್ವ್ ಬ್ಯಾಂಕಿನ ಸೂಚನೆಯಂತೆ ಬ್ಯಾಂಕುಗಳು 2025ರ ಅಕ್ಟೋಬರ್ 31ರೊಳಗೆ ತಮ್ಮ ಜಾಲತಾಣಗಳನ್ನು 'ಡಾಟ್ ಬ್ಯಾಂಕ್ ಡಾಟ್ ಇನ್' ಎಂದು ಕೊನೆಗೊಳ್ಳುವ ವಿಳಾಸಕ್ಕೆ ಬದಲಾಯಿಸಬೇಕಿತ್ತು. ವಿಳಾಸವನ್ನು ಬಲಗಡೆಯಿಂದ ಓದುವ ಅಭ್ಯಾಸ ಮಾಡಿಕೊಳ್ಳಿ. ಮುಂದೆ ಬ್ಯಾಂಕಿನ ಹೆಸರು ಎಷ್ಟು ಚೆನ್ನಾಗಿ ಬರೆದಿದ್ದರೂ ಬಾಲ ಬೇರೆಯಾಗಿದ್ದರೆ ತಾಣ ಬೇರೆಯದೇ.

ಮದುವೆ ಕರೆಯೋಲೆ, ಟ್ರಾಫಿಕ್ ದಂಡ ಎಂದು ವಾಟ್ಸಾಪ್‌ನಲ್ಲಿ ಫೈಲ್ ಬಂದಿದೆ. ತೆರೆಯಬಹುದೇ?

ಫೈಲಿನ ಹೆಸರು 'ಎಪಿಕೆ' ಎಂದು ಮುಗಿದಿದ್ದರೆ ಮುಟ್ಟಬೇಡಿ. ಕರೆಯೋಲೆ ಚಿತ್ರವಾಗಿಯೋ ಪಿಡಿಎಫ್ ಆಗಿಯೋ ಬರುತ್ತದೆ. ಎಪಿಕೆ ಎಂದರೆ ಆ್ಯಪ್. ಅದನ್ನು ಇನ್‌ಸ್ಟಾಲ್ ಮಾಡಿದೊಡನೆ ಮೆಸೇಜ್ ಓದುವ ಅನುಮತಿ ಕೇಳುತ್ತದೆ, ನೀವು ಒಪ್ಪಿದರೆ ಅಲ್ಲಿಂದಾಚೆಗೆ ನಿಮಗೆ ಬರುವ ಒಟಿಪಿಗಳೆಲ್ಲ ವಂಚಕನಿಗೂ ಹೋಗುತ್ತವೆ. 'ನಾನು ಯಾರಿಗೂ ಒಟಿಪಿ ಹೇಳಿಲ್ಲ, ಆದರೂ ಹಣ ಹೋಯಿತು' ಎನ್ನುವ ಎಷ್ಟೋ ದೂರುಗಳ ಹಿಂದೆ ಇದೇ ಇರುತ್ತದೆ. ಕಳುಹಿಸಿದವರು ನಿಮ್ಮ ಭಾವಮೈದುನನೇ ಆಗಿದ್ದರೂ ನಂಬಬೇಡಿ, ಅವರ ಫೋನ್ ಮೊದಲೇ ಕೈ ತಪ್ಪಿರಬಹುದು. ಈಗಾಗಲೇ ಇನ್‌ಸ್ಟಾಲ್ ಮಾಡಿದ್ದರೆ ಮೊಬೈಲ್ ಡೇಟಾ ಮತ್ತು ವೈಫೈ ಆರಿಸಿ, ಬೇರೆ ಫೋನಿನಿಂದ ಬ್ಯಾಂಕಿಗೆ ತಿಳಿಸಿ, ಆಮೇಲೆ ಆ್ಯಪ್ ತೆಗೆದು ಫೋನನ್ನು ರೀಸೆಟ್ ಮಾಡಿಸಿ. ದಂಡ ಇದೆಯೇ ಎಂದು ನೋಡಬೇಕಿದ್ದರೆ ಸಂಚಾರ ಪೊಲೀಸರ ಅಧಿಕೃತ ತಾಣದಲ್ಲಿ ಗಾಡಿ ನಂಬರ್ ಹಾಕಿದರೆ ಸಾಕು.

ಹಣ 'ಪಡೆಯಲು' ಪಿನ್ ಹಾಕಿ ಎನ್ನುತ್ತಿದ್ದಾರೆ. ಸರಿಯೇ?

ಸರಿಯಲ್ಲ. ಯುಪಿಐನಲ್ಲಿ ಪಿನ್ ಹಾಕುವುದು ಹಣ ಕಳುಹಿಸಲು ಅಥವಾ ಖಾತೆಯಲ್ಲಿ ಉಳಿದ ಹಣ ನೋಡಲು. ಹಣ ಬರಲು ಪಿನ್ ಬೇಡ, ಕ್ಯೂಆರ್ ಸ್ಕ್ಯಾನ್ ಬೇಡ. ಹಳೆಯ ಸೋಫಾ ಮಾರಲು ಜಾಹೀರಾತು ಹಾಕಿದವರು, ಬಾಡಿಗೆ ಮನೆ ಕೊಡುವವರು ಇದಕ್ಕೆ ಹೆಚ್ಚು ಯಾಮಾರುತ್ತಾರೆ. ಆಚೆಯವನು ತಾನು ಸೇನೆಯಲ್ಲಿದ್ದೇನೆ ಎನ್ನುತ್ತಾನೆ, ಗುರುತಿನ ಚೀಟಿಯ ಚಿತ್ರವನ್ನೂ ಕಳುಹಿಸುತ್ತಾನೆ. ಇಬ್ಬರು ವ್ಯಕ್ತಿಗಳ ನಡುವಿನ 'ಹಣ ಕೋರಿಕೆ' ಸೌಲಭ್ಯವನ್ನು ಯುಪಿಐ ನಡೆಸುವ ಎನ್‌ಪಿಸಿಐ 2025ರ ಅಕ್ಟೋಬರ್ 1ರಿಂದ ನಿಲ್ಲಿಸಿರುವುದರಿಂದ ಒಂದು ದಾರಿ ಮುಚ್ಚಿದೆ, ಕ್ಯೂಆರ್ ದಾರಿ ಮಾತ್ರ ತೆರೆದೇ ಇದೆ.

'ನಿಮ್ಮ ನಂಬರಿಗೆ ತಪ್ಪಿ ಐದು ಸಾವಿರ ಹಾಕಿಬಿಟ್ಟೆ ಅಣ್ಣಾ, ಆಸ್ಪತ್ರೆಯಲ್ಲಿದ್ದೇನೆ, ವಾಪಸ್ ಹಾಕಿ' ಎಂಬುದು ಇದರ ತಮ್ಮ. ಬ್ಯಾಂಕಿನ ಮೆಸೇಜಿನಂತೆ ಕಾಣುವ ಒಂದು ಮೆಸೇಜ್ ಕೂಡ ಬಂದಿರುತ್ತದೆ. ಮೆಸೇಜನ್ನು ನಂಬದೆ ಖಾತೆಯಲ್ಲಿ ಎಷ್ಟು ಹಣವಿದೆ ನೋಡಿ. ಹಣ ನಿಜವಾಗಿ ಬಂದಿದ್ದರೂ ಮರಳಿ ಹಾಕಬೇಡಿ. 'ನಿಮ್ಮ ಬ್ಯಾಂಕಿಗೆ ಅರ್ಜಿ ಕೊಡಿ, ನಾನು ಒಪ್ಪಿಗೆ ಕೊಡುತ್ತೇನೆ' ಎಂದು ಹೇಳಿ. ಅದು ಇನ್ನೊಬ್ಬರಿಂದ ಕದ್ದ ಹಣವಾಗಿದ್ದರೆ ನೀವು ನಡುವಿನ ಕೊಂಡಿಯಾಗುತ್ತೀರಿ.

ಪಾರ್ಸೆಲ್ ಹುಡುಗ ಒಂದು ಕೋಡ್ ಡಯಲ್ ಮಾಡಲು ಹೇಳುತ್ತಾನೆ. ಏನಾಗುತ್ತದೆ?

ನಿಮಗೆ ಬರುವ ಕರೆಗಳು ಅವನ ಫೋನಿಗೆ ತಿರುಗುತ್ತವೆ. ನಕ್ಷತ್ರ, ಹ್ಯಾಷ್ ಚಿಹ್ನೆಗಳ ನಡುವೆ ಒಂದು ಮೊಬೈಲ್ ಸಂಖ್ಯೆ ಇರುವ ಕೋಡ್ ಕರೆ ವರ್ಗಾವಣೆಯದು. ಆಮೇಲೆ ಅವನು ತನ್ನ ಫೋನಿನಲ್ಲಿ ನಿಮ್ಮ ವಾಟ್ಸಾಪ್ ತೆರೆಯಲು ಹೊರಟು, ದೃಢೀಕರಣ ಕೋಡನ್ನು ಕರೆಯ ಮೂಲಕ ತರಿಸಿಕೊಳ್ಳುತ್ತಾನೆ. ಮುಂದೆ ನಿಮ್ಮ ಬಳಗಕ್ಕೆಲ್ಲ 'ತುರ್ತಾಗಿ ಹಣ ಬೇಕು, ಸಂಜೆ ಕೊಡುತ್ತೇನೆ' ಎಂಬ ಮೆಸೇಜ್ ನಿಮ್ಮ ಹೆಸರಿನಲ್ಲೇ ಹೋಗುತ್ತದೆ. 2025ರ ಸೆಪ್ಟೆಂಬರಿನಲ್ಲಿ ನಟ ಉಪೇಂದ್ರ ಅವರ ಮನೆಯಲ್ಲೇ ಹೀಗಾಗಿ, ತಮ್ಮ ಹೆಸರಿನಲ್ಲಿ ಬರುವ ಕೋರಿಕೆಗೆ ಹಣ ಹಾಕಬೇಡಿ ಎಂದು ಅವರೇ ವಿಡಿಯೊದಲ್ಲಿ ಕೇಳಿಕೊಳ್ಳಬೇಕಾಯಿತು. ವಾಟ್ಸಾಪ್‌ನ ಸೆಟ್ಟಿಂಗ್ಸ್‌ನಲ್ಲಿ ಎರಡು ಹಂತದ ದೃಢೀಕರಣಕ್ಕೆ ಆರಂಕಿಯ ಪಿನ್ ಇಟ್ಟುಕೊಂಡರೆ ಈ ದಾರಿ ಬಹುಮಟ್ಟಿಗೆ ಮುಚ್ಚುತ್ತದೆ. ಐದು ನಿಮಿಷದ ಕೆಲಸ, ಇಂದೇ ಮಾಡಿ.

ಗೂಗಲ್‌ನಲ್ಲಿ ಕಸ್ಟಮರ್ ಕೇರ್ ನಂಬರ್ ಹುಡುಕಬಾರದು ಎಂದಿರಿ. ಏಕೆ?

ವಂಚಕರು ತಮ್ಮ ಸಂಖ್ಯೆಯನ್ನು ಬ್ಯಾಂಕ್, ಗ್ಯಾಸ್ ಏಜೆನ್ಸಿ, ಕೊರಿಯರ್ ಹೆಸರಿನಲ್ಲಿ ಅಂತರ್ಜಾಲದಲ್ಲಿ ಹರಡಿರುತ್ತಾರೆ. ಇಲ್ಲಿ ಕರೆ ಮಾಡುವವರು ನೀವೇ ಆದ್ದರಿಂದ ಅನುಮಾನವೇ ಬರುವುದಿಲ್ಲ. ಆಚೆಯವನು ಸಮಸ್ಯೆ ಸರಿಪಡಿಸುತ್ತೇನೆಂದು ಎನಿಡೆಸ್ಕ್‌ನಂಥ ಆ್ಯಪ್ ಹಾಕಿಸಿ, ನಿಮ್ಮ ಪರದೆಯನ್ನು ತಾನೇ ನೋಡುತ್ತ ಕೂರುತ್ತಾನೆ. ಹಣದ ವ್ಯವಹಾರವಿರುವ ಫೋನಿನ ಪರದೆಯನ್ನು ಯಾರೊಂದಿಗೂ ಹಂಚಿಕೊಳ್ಳಬೇಡಿ.

ಷೇರು ಹೂಡಿಕೆಯ ವಾಟ್ಸಾಪ್ ಗುಂಪಿಗೆ ಸೇರಿಸಿದ್ದಾರೆ. ಲಾಭವೂ ಕಾಣುತ್ತಿದೆ. ನಂಬಬಹುದೇ?

ಕಾಣುತ್ತಿರುವುದು ಲಾಭವಲ್ಲ, ಪರದೆಯ ಮೇಲಿನ ಅಂಕಿ. ಆ್ಯಪ್ ಅವರದೇ, ಅಂಕಿಯೂ ಅವರು ಬರೆದದ್ದೇ. ಗುಂಪಿನಲ್ಲಿ ದಿನವೂ 'ಧನ್ಯವಾದ ಸರ್, ಇವತ್ತು ಎಂಬತ್ತು ಸಾವಿರ ಬಂತು' ಎನ್ನುವವರೂ ಅವರ ಕಡೆಯವರೇ. ಆರಂಭದಲ್ಲಿ ಐದೋ ಹತ್ತೋ ಸಾವಿರ ತೆಗೆಯಲು ಬಿಡುತ್ತಾರೆ, ಅದು ಗಾಳಕ್ಕೆ ಸಿಕ್ಕಿಸಿದ ಹುಳ. ದೊಡ್ಡ ಮೊತ್ತ ತೆಗೆಯಲು ಹೋದಾಗ ತೆರಿಗೆ ಕಟ್ಟಿ, ಶುಲ್ಕ ಕಟ್ಟಿ ಎಂಬ ರಾಗ ಶುರುವಾಗುತ್ತದೆ. ಸೋಲುವುದು ಹಣದಾಸೆಗೆ ಎಂದು ಸುಲಭವಾಗಿ ಹೇಳಿಬಿಡುತ್ತೇವೆ. ಎಫ್‌ಡಿ ಬಡ್ಡಿಯಲ್ಲಿ ಔಷಧದ ಖರ್ಚು ಸರಿದೂಗಿಸಲಾಗದೆ ಆ ದಾರಿ ಹಿಡಿದವರನ್ನೂ ನಾನು ಬಲ್ಲೆ.

ಗಣ್ಯರ ವಿಡಿಯೊ ಸಾಕ್ಷಿಯಾಗದು. ಇನ್ಫೊಸಿಸ್‌ನ ನಾರಾಯಣ ಮೂರ್ತಿ ಅವರು ಟ್ರೇಡಿಂಗ್ ಆ್ಯಪ್ ಒಂದನ್ನು ಹೊಗಳುವಂತೆ ಕೃತಕವಾಗಿ ಸೃಷ್ಟಿಸಿದ ವಿಡಿಯೊಗಳು ಹರಡಿದಾಗ, 2023ರ ಡಿಸೆಂಬರಿನಲ್ಲಿ ಅವರೇ ಜನರನ್ನು ಎಚ್ಚರಿಸಿದ್ದರು. ಹೂಡಿಕೆ ಸಲಹೆಗಾರರು, ಬ್ರೋಕರ್‌ಗಳು ಷೇರು ಮಾರುಕಟ್ಟೆಯ ನಿಯಂತ್ರಣ ಸಂಸ್ಥೆ ಸೆಬಿಯಲ್ಲಿ ನೋಂದಾಯಿಸಿರಲೇಬೇಕು. ನೋಂದಣಿಯನ್ನು ಸೆಬಿಯ ತಾಣದಲ್ಲಿ ನೋಡಬಹುದು. 2025ರ ಅಕ್ಟೋಬರಿನಿಂದ ಅವರಿಗೆ 'ವ್ಯಾಲಿಡ್' ಎಂಬ ಪದವಿರುವ ಪ್ರತ್ಯೇಕ ಯುಪಿಐ ವಿಳಾಸವೂ ಬಂದಿದೆ. ಹೂಡಿಕೆಯ ಹಣವನ್ನು ಯಾರದೋ ಸ್ವಂತ ಹೆಸರಿನ ಅಥವಾ 'ಟ್ರೇಡರ್ಸ್', 'ಎಂಟರ್‌ಪ್ರೈಸಸ್' ಹೆಸರಿನ ಖಾತೆಗೆ ಹಾಕಲು ಹೇಳಿದರೆ ಅಲ್ಲಿಗೆ ಪರೀಕ್ಷೆ ಮುಗಿಯಿತು.

ಇಮೇಲ್‌ನಲ್ಲಿ ಯಾವುದನ್ನು ಗಮನಿಸಬೇಕು?

ಮನೆಯವರಿಗೆ ಬರುವುದು ಹೆಚ್ಚಾಗಿ ಆದಾಯ ತೆರಿಗೆ ಮರುಪಾವತಿ, ಪ್ಯಾನ್ ನವೀಕರಣ ಎಂಬ ಹೆಸರಿನವು. ಕಳುಹಿಸಿದವರ ಹೆಸರಿನ ಮೇಲೆ ಒತ್ತಿದರೆ ಹಿಂದಿರುವ ಅಸಲಿ ವಿಳಾಸ ಕಾಣುತ್ತದೆ. ತೆರಿಗೆ ಇಲಾಖೆಯ ತಾಣ 'ಜಿಒವಿ ಡಾಟ್ ಇನ್' ಎಂದೇ ಮುಗಿಯುತ್ತದೆ.

ನಿಜವಾದ ದೊಡ್ಡ ಪೆಟ್ಟು ಬೀಳುವುದು ವ್ಯಾಪಾರಿಗಳಿಗೆ. ವಂಚಕರು ನಿಮ್ಮದೋ ನಿಮ್ಮ ಸರಬರಾಜುದಾರನದೋ ಇಮೇಲ್ ಖಾತೆಯೊಳಗೆ ನುಸುಳಿ, ವಾರಗಟ್ಟಲೆ ಪತ್ರವ್ಯವಹಾರವನ್ನು ಓದುತ್ತ ಸುಮ್ಮನಿರುತ್ತಾರೆ. ಬಿಲ್ ಪಾವತಿಸುವ ದಿನ ಹತ್ತಿರವಾದಾಗ, ಒಂದೇ ಅಕ್ಷರ ಬದಲಾದ ವಿಳಾಸದಿಂದ, ಅದೇ ಧಾಟಿಯಲ್ಲಿ, 'ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಇನ್ನು ಮುಂದೆ ಇಲ್ಲಿಗೆ ಹಾಕಿ' ಎಂದು ಬರೆಯುತ್ತಾರೆ. ಖಾತೆ ಬದಲಾವಣೆಯ ಪತ್ರ ಬಂದರೆ, ಪತ್ರದಲ್ಲಿರುವ ಸಂಖ್ಯೆಗಲ್ಲದೆ ನಿಮ್ಮ ಬಳಿ ಹಿಂದಿನಿಂದ ಇರುವ ಸಂಖ್ಯೆಗೆ ಕರೆ ಮಾಡಿ ಧ್ವನಿಯಲ್ಲಿ ಖಚಿತಪಡಿಸಿಕೊಳ್ಳಿ. ನೆಫ್ಟ್, ಆರ್‌ಟಿಜಿಎಸ್ ಮಾಡುವ ಮುನ್ನ ಖಾತೆದಾರನ ಹೆಸರನ್ನು ನೋಡುವ ಸೌಲಭ್ಯ ಬಂದಿದೆ; ಹೆಸರು ತಾಳೆಯಾಗದಿದ್ದರೆ ಮುಂದುವರಿಯಬೇಡಿ.

ಕರೆಯೂ ಇಲ್ಲ, ಮೆಸೇಜೂ ಇಲ್ಲ. ಆದರೂ ಹತ್ತು ಸಾವಿರ ಕಟ್ ಆಗಿದೆ. ಹೇಗೆ?

ಆಧಾರ್ ಬೆರಳಚ್ಚಿನ ಮೂಲಕ ಹಣ ತೆಗೆಯುವ ಎಇಪಿಎಸ್ ವ್ಯವಸ್ಥೆಯ ದುರ್ಬಳಕೆಯಾಗಿರಬಹುದು. 2023ರಲ್ಲಿ ಮಂಗಳೂರು, ಬೆಂಗಳೂರು ಕಡೆಗಳಲ್ಲಿ ಆಸ್ತಿ ನೋಂದಣಿ ಮಾಡಿಸಿದ್ದ ಹಲವರಿಂದ ಇಂಥ ದೂರುಗಳು ಬಂದಿದ್ದವು: ದಾಖಲೆಯ ಮೇಲಿನ ಬೆರಳಚ್ಚನ್ನು ನಕಲು ಮಾಡಿ ಬಳಸಲಾಗಿತ್ತು. ಅಧಿಕೃತ ಆಧಾರ್ ಆ್ಯಪಿನಲ್ಲಿ ಅಥವಾ ಆಧಾರ್ ನೀಡುವ ಯುಐಡಿಎಐ ತಾಣದಲ್ಲಿ ಬಯೊಮೆಟ್ರಿಕ್ ಲಾಕ್ ಮಾಡಿಟ್ಟರೆ ಬೆರಳಚ್ಚು ಕೆಲಸ ಮಾಡುವುದಿಲ್ಲ. ಪಡಿತರಕ್ಕೋ ಸಿಮ್‌ಗೋ ಬೇಕಾದಾಗ ತಾತ್ಕಾಲಿಕವಾಗಿ ತೆರೆಯಬಹುದು. ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್‌ಗಳಿವೆ ಎಂಬುದನ್ನು ದೂರಸಂಪರ್ಕ ಇಲಾಖೆಯ 'ಸಂಚಾರ ಸಾಥಿ'ಯಲ್ಲಿ ನೋಡಬಹುದು. ಅನುಮಾನಾಸ್ಪದ ಕರೆ, ಮೆಸೇಜುಗಳನ್ನು ವರದಿ ಮಾಡುವ 'ಚಕ್ಷು' ಕೂಡ ಅಲ್ಲೇ ಇದೆ.

ನನ್ನ ಹೆಸರು, ಊರು, ಖಾತೆಯ ಕೊನೆಯ ನಾಲ್ಕಂಕಿ ಎಲ್ಲವೂ ಅವರಿಗೆ ಹೇಗೆ ಗೊತ್ತು?

ಅಂಗಡಿ ಬಿಲ್ಲಿಗೆ ಕೊಟ್ಟ ನಂಬರಿನಿಂದ ಹಿಡಿದು ಜೆರಾಕ್ಸ್ ಅಂಗಡಿಯಲ್ಲಿ ಉಳಿದ ಆಧಾರ್ ಪ್ರತಿಯವರೆಗೆ ನಮ್ಮ ವಿವರಗಳು ಸೋರದ ಜಾಗವಿಲ್ಲ. ಅವು ಪಟ್ಟಿಯಾಗಿ ಮಾರಾಟವಾಗುತ್ತವೆ. ಆದ್ದರಿಂದ ವಿವರ ಗೊತ್ತಿರುವುದು ಅಧಿಕಾರಿ ಎಂಬುದಕ್ಕೆ ಪುರಾವೆಯಲ್ಲ.

'ಖಾತೆಯನ್ನು ಸ್ವಲ್ಪ ದಿನ ಬಾಡಿಗೆಗೆ ಕೊಡು, ಹತ್ತು ಸಾವಿರ ಕೊಡುತ್ತೇವೆ' ಎಂದು ಕಾಲೇಜಿನ ಮಗನಿಗೆ ಹೇಳಿದ್ದಾರೆ.

ಖಡಾಖಂಡಿತವಾಗಿ ಬೇಡ. ಮೇಷ್ಟ್ರಂಥವರ ಹಣ ಮೊದಲು ಬಂದು ಬೀಳುವುದು ಇಂಥ ಖಾತೆಗೆ, ಪೊಲೀಸರು ಮೊದಲು ಬಂದು ಬಾಗಿಲು ತಟ್ಟುವುದೂ ಈ ಖಾತೆಯ ವಿಳಾಸಕ್ಕೆ. ಕರೆ ಮಾಡಿದವನು ಕಾಂಬೋಡಿಯಾದಲ್ಲೋ ಮ್ಯಾನ್ಮಾರ್‌ನಲ್ಲೋ ಇರಬಹುದು. ಅವನೂ ಡೇಟಾ ಎಂಟ್ರಿ ಕೆಲಸದ ಆಸೆಗೆ ಹೋಗಿ, ಪಾಸ್‌ಪೋರ್ಟ್ ಕಸಿದುಕೊಂಡವರ ಕೈಯಲ್ಲಿ ಸಿಕ್ಕಿಬಿದ್ದ ಭಾರತೀಯನೇ ಆಗಿರಬಹುದು. ವಿದೇಶದ ಕೆಲಸಕ್ಕೆ ಹೊರಟ ಹುಡುಗರು ಏಜೆಂಟನ ನೋಂದಣಿಯನ್ನು ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ತಾಣದಲ್ಲಿ ನೋಡಿಕೊಳ್ಳಬೇಕು.

ಊರಿನಲ್ಲಿ ಅಪ್ಪ ಅಮ್ಮ ಇಬ್ಬರೇ ಇದ್ದಾರೆ, ನಾವು ವಿದೇಶದಲ್ಲಿ. ಅವರಿಗೆ ಹೇಗೆ ಹೇಳುವುದು?

ಪಟ್ಟಿ ಕಳುಹಿಸಬೇಡಿ, ಓದುವುದಿಲ್ಲ. ಬದಲಿಗೆ ಒಂದೇ ಒಪ್ಪಂದ ಮಾಡಿಕೊಳ್ಳಿ: ಹತ್ತು ಸಾವಿರಕ್ಕಿಂತ ಹೆಚ್ಚು ಹಣ ಕಳುಹಿಸುವ ಮುನ್ನ, ಎಫ್‌ಡಿ ಮುರಿಸುವ ಮುನ್ನ, ಯಾವ ಹೊತ್ತಾದರೂ ಸರಿ, ನಿಮಗೋ ಪಕ್ಕದ ಮನೆಯವರಿಗೋ ಒಂದು ಮಾತು ಹೇಳುವುದು. 'ಅಮ್ಮಾ, ಆಕ್ಸಿಡೆಂಟ್ ಆಗಿದೆ' ಎಂಬ ನಿಮ್ಮದೇ ಧ್ವನಿಯ ಕರೆ ಬಂದರೂ ಕೇಳಲು ಮನೆಯೊಳಗಿನವರಿಗಷ್ಟೇ ಗೊತ್ತಿರುವ ಒಂದು ಪ್ರಶ್ನೆ ಇಟ್ಟುಕೊಳ್ಳಿ, ಉದಾಹರಣೆಗೆ ಹಿಂದೆ ಇದ್ದ ಹಸುವಿನ ಹೆಸರು. ದೊಡ್ಡ ಖಾತೆಗೆ ಯುಪಿಐ ಜೋಡಿಸದೆ, ತಿಂಗಳ ಖರ್ಚಿಗೆಂದು ಬೇರೆ ಸಣ್ಣ ಖಾತೆಗೆ ಜೋಡಿಸಿಕೊಡಿ.

ಆಗಲೇ ಮೋಸ ಹೋಗಿದ್ದರೆ 'ಇಷ್ಟೂ ಗೊತ್ತಾಗಲಿಲ್ಲವೇ' ಎಂಬ ಮಾತು ಬಾಯಿಂದ ಬರದಿರಲಿ. ದೇಶದಲ್ಲಿ 2024ರ ಒಂದೇ ವರ್ಷದಲ್ಲಿ ಜನ 22,845 ಕೋಟಿ ರೂಪಾಯಿ ಕಳೆದುಕೊಂಡಿದ್ದಾರೆ ಎಂದು ಸರ್ಕಾರವೇ ಸಂಸತ್ತಿಗೆ ತಿಳಿಸಿದೆ; ಅಷ್ಟು ಜನರೆಲ್ಲ ದಡ್ಡರಲ್ಲ. ಆ ಒಂದು ಮಾತಿಗೆ ಹೆದರಿಯೇ ಎಷ್ಟೋ ಹಿರಿಯರು ದೂರು ಕೊಡದೆ ಮುಚ್ಚಿಡುತ್ತಾರೆ. ಊಟ ನಿದ್ದೆ ಬಿಟ್ಟು ಕೂತಿದ್ದರೆ ಮಾನಸಿಕ ಆರೋಗ್ಯದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿಸಿ, ಕನ್ನಡದಲ್ಲಿ ಮಾತನಾಡಬಹುದು.

ಕಳೆದ ಹಣವನ್ನು ಮರಳಿ ಕೊಡಿಸುತ್ತೇವೆ ಎಂದು ಒಬ್ಬರು ಕರೆ ಮಾಡಿದ್ದಾರೆ. ಸ್ವಲ್ಪ ಶುಲ್ಕ ಕೇಳುತ್ತಿದ್ದಾರೆ.

ಇದು ಅದೇ ಗುಂಪಿನ ಎರಡನೆಯ ಸುತ್ತು. ಒಮ್ಮೆ ಮೋಸ ಹೋದವರ ಹೆಸರುಗಳಿಗೂ ಪಟ್ಟಿಯಿದೆ, ಅದಕ್ಕೆ ಬೆಲೆ ಹೆಚ್ಚು. ಸೈಬರ್ ಪೊಲೀಸ್, ವಕೀಲ, 'ಎಥಿಕಲ್ ಹ್ಯಾಕರ್' ಎಂದು ಯಾವ ವೇಷದಲ್ಲಿ ಬಂದರೂ, ನಿಮ್ಮ ಹಳೆಯ ದೂರಿನ ಸಂಖ್ಯೆಯನ್ನೇ ಓದಿ ಹೇಳಿದರೂ, ಹಣ ಮರಳಿಸಲು ಮುಂಗಡ ಕೇಳುವವನು ವಂಚಕ. 1930ಕ್ಕೆ, ಪೋರ್ಟಲಿಗೆ, ಒಂಬುಡ್ಸ್‌ಮನ್‌ಗೆ ದೂರು ಕೊಡಲು ಒಂದು ರೂಪಾಯಿಯೂ ಖರ್ಚಿಲ್ಲ. ಮೊದಲ ದೂರಿನ ಸ್ವೀಕೃತಿಯನ್ನು ಹಿಡಿದು ಠಾಣೆಗೇ ಹೋಗಿ, ಕರೆ ಮಾಡಿದವನ ಸಂಖ್ಯೆಯನ್ನೂ ಅದೇ ಕಡತಕ್ಕೆ ಸೇರಿಸಲು ಬರೆದುಕೊಡಿ.